ಕಬ್ಬಿಣದ ಹುರುಪೆಯ ಬಸವನಹುಳು: ಸಾಗರತಳದಿಂದ ಬಾಟಲಿಯವರೆಗೆ

ಹಿಂದೂ ಮಹಾಸಾಗರದ ತಳದ ಪರ್ವತಸಾಲಿನಲ್ಲಿ, ಸುಮಾರು 2,400 ಮೀಟರ್ ಆಳದಲ್ಲಿ, ಕೈರೇ ಎಂಬ ಬಿಸಿನೀರ ಚಿಲುಮೆಗಳ ತಾಣವಿದೆ. ಕಾಲಿನ ತುಂಬ ಕಬ್ಬಿಣದ ಸಲ್ಫೈಡ್ ಹುರುಪೆ ಹೊತ್ತ ಬಸವನಹುಳು, ಕ್ರೈಸೊಮಾಲನ್ ಸ್ಕ್ವಾಮಿಫೆರಮ್, 2001ರಲ್ಲಿ ಮೊದಲು ಸಿಕ್ಕಿದ್ದು ಅಲ್ಲೇ. ಇದರ ಡಿಎನ್‌ಎ, ಆರ್‌ಎನ್‌ಎ, ಅಂಗರಚನೆ, ಆಹಾರ ಎಲ್ಲವನ್ನೂ ತಿಳಿಯಬೇಕೆಂದರೆ ಬೇರೆಬೇರೆ ಬಗೆಯಲ್ಲಿ ಕಾಪಿಡಬೇಕು. ಎಲ್ಲಕ್ಕೂ ಒಗ್ಗುವ ದ್ರಾವಣ ಇಲ್ಲ. ಯಾವ ತುಂಡು ಯಾವ ಬಾಟಲಿಗೆ ಎಂಬ ಪಟ್ಟಿಯನ್ನು ಆರ್‌ಒವಿ (ಹಡಗಿನಿಂದ ನಡೆಸುವ, ಆಳು ಇಲ್ಲದ ಜಲವಾಹನ) ನೀರಿಗಿಳಿಯುವ ಮೊದಲೇ ಬರೆದು ಗೋಡೆಗೆ ಅಂಟಿಸಿ.

ತಳದಲ್ಲಿ ಮೊದಲು ಚಿತ್ರ, ಆಮೇಲೆ ಸಂಗ್ರಹ. ಅಳತೆಗಾಗಿ 10 ಸೆಂ.ಮೀ. ಅಂತರದ ಎರಡು ಲೇಸರ್ ಚುಕ್ಕೆ ಚಿತ್ರದಲ್ಲಿ ಬೀಳಲಿ. ತಾಪಮಾಪಕದ ತುದಿಯನ್ನು ಹುಳುಗಳ ನಡುವೆಯೇ ಇಟ್ಟು, ಅಂಕಿ ನಿಲ್ಲುವವರೆಗೆ ಕಾಯಿರಿ. ಚಿಲುಮೆಯ ಚಿಮಣಿಯ ಬಾಯಲ್ಲಿ ನೀರು 300 ಡಿಗ್ರಿ ದಾಟುತ್ತದೆ, ಸ್ವಲ್ಪ ಆಚೆ 2 ಡಿಗ್ರಿ ಅಷ್ಟೆ. ಹುಳು ಬದುಕುವುದು ಎರಡೂ ಬೆರೆಯುವ ಕಡೆ, ಒಂದು ಗೇಣು ಸರಿದರೂ ಅಳತೆ ಬೇರೆ. ಹೀರುಕೊಳವೆಯಿಂದ ಹಿಡಿದು, ಮುಚ್ಚಳ ಬಿಗಿಯಾಗಿ ಕೂರುವ, ಶಾಖ ತಡೆಯುವ ಪೆಟ್ಟಿಗೆಗೆ ಹಾಕಿ. ಒಂದು ಜಾಗಕ್ಕೆ ಒಂದೇ ಪೆಟ್ಟಿಗೆ. ಮೇಲೆ ಬರುವಾಗ 240 ವಾತಾವರಣದಷ್ಟು ಒತ್ತಡ ಇಳಿಯುತ್ತದೆ. ಒಳಗೆ ಗಾಳಿಚೀಲವಿಲ್ಲದ ಹುಳು ಅದನ್ನು ತಡೆದುಕೊಂಡೀತು, ಆದರೆ ಸಡಿಲ ಮುಚ್ಚಳದಿಂದ ನುಗ್ಗುವ ಮೇಲ್ಮೈಯ ಬೆಚ್ಚಗಿನ ನೀರನ್ನು ತಡೆಯಲಾರದು.

ಪೆಟ್ಟಿಗೆಯನ್ನು ಗಾಳಿಯಾಡುವ ಡೆಕ್ಕಿನಲ್ಲೇ ತೆರೆಯಿರಿ, ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಇರುತ್ತದೆ. ಹುಳುಗಳನ್ನು ತಕ್ಷಣ 4 ಡಿಗ್ರಿಯ, ಸೋಸಿದ ಸಮುದ್ರದ ನೀರಿಗೆ ಹಾಕಿ. ಸಿಹಿನೀರು ಬೇಡವೇ ಬೇಡ. ಚೀಟಿ ಪೆನ್ಸಿಲ್ಲಿನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.

ಮೊದಲ ಸರದಿ ಆರ್‌ಎನ್‌ಎಯದು, ಅದು ಬೇಗ ಕೆಡುತ್ತದೆ. ಕಾಲು, ಕಿವಿರು, ಅನ್ನನಾಳದ ಗ್ರಂಥಿ ಇವುಗಳಿಂದ 5 ಮಿ.ಮೀ.ಗಿಂತ ತೆಳುವಾದ ತುಂಡು ಕತ್ತರಿಸಿ, ಹತ್ತು ಪಟ್ಟು ಆರ್‌ಎನ್‌ಎಲೇಟರ್‌ನಲ್ಲಿ (ಆರ್‌ಎನ್‌ಎ ಕೆಡದಂತೆ ಕಾಯುವ ದ್ರಾವಣ) ಮುಳುಗಿಸಿ. ರಾತ್ರಿಯಿಡೀ 4 ಡಿಗ್ರಿ, ಆಮೇಲೆ ಮೈನಸ್ 80. ದಪ್ಪ ತುಂಡಿನ ನಡುವಿಗೆ ದ್ರಾವಣ ಇಳಿಯುವುದಿಲ್ಲ. ಒಂದು ಎಚ್ಚರ: ಮೇಲೆ ಬರುವ ದಾರಿಯಲ್ಲೇ ಜೀನುಗಳ ಚಟುವಟಿಕೆ ಬದಲಾಗಿರುತ್ತದೆ. ತಳದಲ್ಲಿ ಅವು ಏನು ಮಾಡುತ್ತಿದ್ದವು ಎಂಬುದೇ ಪ್ರಶ್ನೆಯಾದರೆ, ತಳದಲ್ಲಿಯೇ ಪೆಟ್ಟಿಗೆಯೊಳಗೆ ದ್ರಾವಣ ಬಿಡುವ ಸಲಕರಣೆ ಬೇಕು.

ಡಿಎನ್‌ಎಗೆ 95ರಿಂದ 99 ಶೇಕಡಾ ಎಥನಾಲ್, ಹುಳುವಿನ ಗಾತ್ರದ ಐದು ಪಟ್ಟಾದರೂ ಇರಲಿ. ಚಿಪ್ಪಿಗೆ ಬಿರುಕು ಬಿಡಿಸದೆ ಹಾಕಿದರೆ ಹೊರಗಿನ ಕಾಲು ಗಟ್ಟಿಯಾಗುತ್ತದೆ, ಸುರುಳಿಯೊಳಗಿನ ಅಂಗ ಕೊಳೆಯುತ್ತದೆ. ಮೈಯ ನೀರು ಎಥನಾಲನ್ನು ತೆಳ್ಳಗಾಗಿಸುವುದರಿಂದ 24 ಗಂಟೆಯ ನಂತರ ಹೊಸದು ತುಂಬಿ.

ಅಂಗರಚನೆಗೆ 10 ಶೇಕಡಾ ತಟಸ್ಥ ಬಫರ್ ಫಾರ್ಮಲಿನ್, ಒಂದೆರಡು ದಿನ. ಬಳಿಕ ತೊಳೆದು 70 ಶೇಕಡಾ ಎಥನಾಲ್. ಬಫರ್ ಇಲ್ಲದಿದ್ದರೆ ಫಾರ್ಮಲಿನ್ ಹುಳಿಯಾಗಿ ಚಿಪ್ಪಿನ ಸುಣ್ಣವನ್ನೇ ತಿನ್ನುತ್ತದೆ.

ಹುರುಪೆಯ ಅಧ್ಯಯನಕ್ಕೆ ಕೆಲವು ಹುಳುಗಳನ್ನು ಬೇರೆಯಿಡಿ. ಗ್ರೆಗೈಟ್ ಮತ್ತು ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜಗಳು ಸೇರಿದ ಈ ಕಪ್ಪು ಹುರುಪೆಯನ್ನು ಆಮ್ಲಜನಕವಿರುವ ನೀರಿನಲ್ಲೋ ತೇವದ ಗಾಳಿಯಲ್ಲೋ ಬಿಟ್ಟರೆ ತುಕ್ಕು ಹಿಡಿದು ಕೆಂಗಂದಾಗುತ್ತದೆ. ಬೇಗ ಒಣಗಿಸಿ, ನೈಟ್ರೋಜನ್ ತುಂಬಿದ ಚೀಲದಲ್ಲಿ ಮುಚ್ಚಿ. ಹೋಲಿಕೆಗೆ ಇದೇ ಸಾಗರದ ಸಾಲಿಟೇರ್ ಎಂಬ ಇನ್ನೊಂದು ಚಿಲುಮೆ ತಾಣದ ಹುಳುಗಳಿವೆ. ಅದೇ ಜಾತಿ, ಆದರೆ ಕಬ್ಬಿಣದ ಹೊದಿಕೆಯಿಲ್ಲದೆ ಬಿಳಿ.

ಆಹಾರ ತಿಳಿಯಲು ಸ್ನಾಯುವಿನ ತುಂಡನ್ನು ಯಾವ ರಾಸಾಯನಿಕವನ್ನೂ ಸೋಕಿಸದೆ ಹೆಪ್ಪುಗಟ್ಟಿಸಿ. ಎಥನಾಲೂ ಫಾರ್ಮಲಿನ್ನೂ ಇಂಗಾಲದ ಐಸೊಟೋಪ್‌ಗಳ (ಒಂದೇ ಧಾತುವಿನ, ತೂಕ ಬೇರೆಯಾದ ಪರಮಾಣುಗಳ) ಅನುಪಾತವನ್ನು ಬದಲಿಸುತ್ತವೆ. ಅನ್ನನಾಳದ ಗ್ರಂಥಿಯಲ್ಲಿರುವ ಬ್ಯಾಕ್ಟೀರಿಯಾಗಳೇ ಈ ಹುಳುವನ್ನು ಪೋಷಿಸುವುದರಿಂದ ಗಂಧಕದ ಐಸೊಟೋಪನ್ನೂ ಅಳೆಯಿಸಿ.

ಎಷ್ಟು ಹಿಡಿಯಬೇಕು? ಪಟ್ಟಿಯಲ್ಲಿರುವ ಬಾಟಲಿಗಳಿಗೆ ಸಾಲುವಷ್ಟು ಮಾತ್ರ. ತಳದ ಗಣಿಗಾರಿಕೆಯ ಭಯದಿಂದ 2019ರಲ್ಲಿ ಈ ಹುಳು ಅಳಿವಿನ ಅಪಾಯದ ಜೀವಿಗಳ ಐಯುಸಿಎನ್ ಕೆಂಪು ಪಟ್ಟಿಗೆ ಸೇರಿತು. ಇದೇ ಸಾಗರದ ಪರ್ವತಸಾಲುಗಳಲ್ಲಿ 10,000 ಚದರ ಕಿ.ಮೀ. ಪ್ರದೇಶದ ಸಲ್ಫೈಡ್ ಶೋಧನೆಗೆ ಭಾರತವೂ 2016ರಲ್ಲಿ ಒಪ್ಪಂದ ಮಾಡಿಕೊಂಡಿದೆ.

ಮುಂದಿನ ತಾಣಕ್ಕೆ ಹೋಗುವ ಮೊದಲು ಹೀರುಕೊಳವೆ ಬಿಚ್ಚಿ, ಮಡಿಕೆ ಮಡಿಕೆಯನ್ನೂ ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಪೆಸಿಫಿಕ್‌ನಲ್ಲಿ ಆಲ್ವಿನ್ ಜಲಾಂತರ ವಾಹನದ ಇಂಥದೇ ಸಲಕರಣೆಯಲ್ಲಿ ಸಿಕ್ಕಿಕೊಂಡ ಪುಟ್ಟ ಚಿಪ್ಪುಜೀವಿಗಳು ಒಂದು ಪರ್ವತಸಾಲಿನಿಂದ ಇನ್ನೊಂದಕ್ಕೆ ಹೋಗಿದ್ದವು.