ವೆಲ್‌ಕಮ್ ಸ್ಕ್ರೀನ್ ಕಾಣೆಯಾದರೆ ಕಡತಕ್ಕೆ ಕೈ ಹಾಕಬೇಡಿ

ವಿಂಡೋಸ್ ಎಕ್ಸ್‌ಪಿ ಇನ್ನೂ ಓಡುತ್ತಿರುವ ಹಳೆಯ ಕಂಪ್ಯೂಟರ್‌ಗಳಲ್ಲಿ, ಬಳಕೆದಾರರ ಹೆಸರು ಮತ್ತು ಚಿತ್ರಗಳನ್ನು ತೋರಿಸುವ ವೆಲ್‌ಕಮ್ ಸ್ಕ್ರೀನ್ ಇದ್ದಕ್ಕಿದ್ದಂತೆ ಕಾಣೆಯಾಗಿ, ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಹಳೆಯ ಮಾದರಿಯ ಚೌಕಟ್ಟು ಬಂದು ಕೂರುವುದುಂಟು. ಕಂಟ್ರೋಲ್ ಪ್ಯಾನೆಲ್‌ನ ಯೂಸರ್ ಅಕೌಂಟ್ಸ್‌ನಲ್ಲಿ ಇದನ್ನು ಸರಿಪಡಿಸಲು ಹೋದರೆ, ಇತ್ತೀಚೆಗೆ ಹಾಕಿದ ತಂತ್ರಾಂಶವೊಂದು ವೆಲ್‌ಕಮ್ ಸ್ಕ್ರೀನ್ ಮತ್ತು ಫಾಸ್ಟ್ ಯೂಸರ್ ಸ್ವಿಚಿಂಗ್ (ಒಬ್ಬರು ಲಾಗ್‌ಆಫ್ ಆಗದೆಯೇ ಇನ್ನೊಬ್ಬರು ಒಳಬರುವ ಸೌಲಭ್ಯ) ಎರಡನ್ನೂ ನಿಷ್ಕ್ರಿಯಗೊಳಿಸಿದೆ ಎಂಬ ಸಂದೇಶವೂ ಒಂದು ಡಿಎಲ್‌ಎಲ್ (ತಂತ್ರಾಂಶಗಳು ಬಳಸುವ ಸಹಾಯಕ) ಕಡತದ ಹೆಸರೂ ಕಾಣಿಸುತ್ತವೆ. ಆ ಹೆಸರು ಕಂಡ ಕೂಡಲೇ ವಿಂಡೋಸ್‌ನ ಮುಖ್ಯ ಕಡತಗಳಿರುವ ಸಿಸ್ಟಮ್32 ಫೋಲ್ಡರ್‌ಗೆ ಹೋಗಿ ಕಡತವನ್ನೇ ಅಳಿಸಿ, ಮರುದಿನ ಲಾಗಿನ್ ಹಂತವನ್ನೂ ದಾಟದ ಯಂತ್ರವನ್ನು ಹೊತ್ತು ತಂದವರನ್ನು ನಾನು ಹಲವು ಸಲ ಕಂಡಿದ್ದೇನೆ.

ಎಕ್ಸ್‌ಪಿಯಲ್ಲಿ ಲಾಗಿನ್ ಕೆಲಸವನ್ನು ವಿನ್‌ಲಾಗಾನ್ ನಡೆಸುತ್ತದೆ; ಅದು ಜಿನಾ ಎಂಬ ಘಟಕದ ಮೂಲಕ ಪಾಸ್‌ವರ್ಡ್ ಪಡೆಯುತ್ತದೆ. ಮೂಲ ಘಟಕ ಎಂಎಸ್‌ಜಿನಾ.ಡಿಎಲ್‌ಎಲ್. ದೂರದಿಂದ ಯಂತ್ರವನ್ನು ನಿಯಂತ್ರಿಸುವ ತಂತ್ರಾಂಶ, ವಿಪಿಎನ್, ಬೆರಳಚ್ಚು ಓದುವ ಸಾಧನದ ತಂತ್ರಾಂಶ ಮುಂತಾದವು ತಮ್ಮದೇ ಘಟಕವನ್ನು ವಿಂಡೋಸ್‌ನ ಸೆಟ್ಟಿಂಗ್‌ಗಳ ಕೋಶವಾದ ರಿಜಿಸ್ಟ್ರಿಯಲ್ಲಿ ನೋಂದಾಯಿಸುತ್ತವೆ. ದೂರನಿಯಂತ್ರಣ ತಂತ್ರಾಂಶವಾದ ಪಿಸಿಎನಿವೇರ್‌ನ ಎಡಬ್ಲ್ಯೂಜಿನಾ.ಡಿಎಲ್‌ಎಲ್ ಇದಕ್ಕೊಂದು ಉದಾಹರಣೆ. ಬೇರೆ ಜಿನಾ ಕಂಡೊಡನೆ ವಿಂಡೋಸ್ ತಾನಾಗಿಯೇ ವೆಲ್‌ಕಮ್ ಸ್ಕ್ರೀನನ್ನು ಹಿಂದೆಗೆದುಕೊಳ್ಳುತ್ತದೆ.

ಮೊದಲು ಸಂದೇಶದಲ್ಲಿರುವ ಕಡತದ ಹೆಸರನ್ನು ಬರೆದಿಟ್ಟುಕೊಳ್ಳಿ. ಸಿಸ್ಟಮ್32ರಲ್ಲಿ ಆ ಕಡತದ ಪ್ರಾಪರ್ಟೀಸ್ ತೆರೆದು ವರ್ಷನ್ ಪುಟವನ್ನು ನೋಡಿದರೆ ತಯಾರಕರ ಹೆಸರು ಸಾಮಾನ್ಯವಾಗಿ ಸಿಗುತ್ತದೆ. ಯಾರ ಹೆಸರೂ ಇಲ್ಲದಿದ್ದರೆ ಅನುಮಾನಿಸಿ: ನೀವು ಒತ್ತುವ ಪಾಸ್‌ವರ್ಡ್ ಈ ಘಟಕದ ಮೂಲಕವೇ ಹಾದುಹೋಗುವುದರಿಂದ ಕುತಂತ್ರಾಂಶಗಳೂ ಇಲ್ಲಿ ನುಸುಳಬಲ್ಲವು.

ತಂತ್ರಾಂಶ ಬೇಡವಾದದ್ದಾದರೆ ಆ್ಯಡ್ ಆರ್ ರಿಮೂವ್ ಪ್ರೋಗ್ರಾಮ್ಸ್ ಮೂಲಕ ತೆಗೆದು, ಯಂತ್ರವನ್ನು ಮರುಚಾಲನೆ ಮಾಡಿ. ಇಂಥ ಎರಡು ತಂತ್ರಾಂಶಗಳಿದ್ದರೆ ಕೊನೆಗೆ ಹಾಕಿದ್ದನ್ನೇ ಮೊದಲು ತೆಗೆಯಬೇಕು. ಎರಡನೆಯದು ಮೊದಲನೆಯದರ ಘಟಕವನ್ನು ಒಳಗಿಟ್ಟುಕೊಂಡು ಸರಪಳಿಯಂತೆ ಕೆಲಸ ಮಾಡುತ್ತಿರಬಹುದು, ಆಗ ಹಿಂದಿನ ಕೊಂಡಿಯನ್ನು ಮೊದಲು ಕಳಚಿದರೆ ಮುಂದಿನದು ಇಲ್ಲದ ಕಡತವನ್ನು ಹುಡುಕುತ್ತದೆ.

ತಂತ್ರಾಂಶ ಹೋದರೂ ಅದರ ನೋಂದಣಿ ಉಳಿದಿದ್ದರೆ ಮಾತ್ರ ರಿಜಿಸ್ಟ್ರಿಗೆ ಇಳಿಯಿರಿ. ಮೊದಲು ಸಿಸ್ಟಮ್ ರಿಸ್ಟೋರ್‌ನಲ್ಲಿ, ಎಡವಟ್ಟಾದರೆ ಈಗಿನ ಸ್ಥಿತಿಗೆ ಮರಳಲು, ಒಂದು ರಿಸ್ಟೋರ್ ಬಿಂದುವನ್ನು ರಚಿಸಿ. ಆಮೇಲೆ ರನ್‌ನಲ್ಲಿ ರೆಜ್‌ಎಡಿಟ್ ತೆರೆದು, ಎಚ್‌ಕೀ ಲೋಕಲ್ ಮಷಿನ್‌ನ ಒಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್‌ವರ್ಷನ್, ವಿನ್‌ಲಾಗಾನ್ ಎಂಬ ಕ್ರಮದಲ್ಲಿ ಸಾಗಿ. ಎಡಗಡೆಯ ವಿನ್‌ಲಾಗಾನ್ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ ಉಳಿಸಿದ ಬಳಿಕ, ಬಲಗಡೆಯ ಜಿನಾಡಿಎಲ್‌ಎಲ್ ಎಂಬ ನಮೂದೊಂದನ್ನು ಮಾತ್ರ ಅಳಿಸಿ. ಆ ನಮೂದು ಇಲ್ಲದಿದ್ದಾಗ ವಿಂಡೋಸ್ ತನ್ನ ಎಂಎಸ್‌ಜಿನಾವನ್ನೇ ಬಳಸುತ್ತದೆ. ಎಡಗಡೆಯ ಕೀಯನ್ನು ತಪ್ಪಿಯೂ ಅಳಿಸಬೇಡಿ. ಒಂದೇ ಕ್ಲಿಕ್ಕಿನಲ್ಲಿ ಎಲ್ಲವನ್ನೂ ಶುಚಿಗೊಳಿಸುತ್ತೇವೆ ಎನ್ನುವ ರಿಜಿಸ್ಟ್ರಿ ಕ್ಲೀನರ್‌ಗಳನ್ನು ಈ ಕೆಲಸಕ್ಕೆ ನಾನಂತೂ ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ.

ಕಡತವನ್ನು ಆಗಲೇ ಅಳಿಸಿ ಸಿಕ್ಕಿಹಾಕಿಕೊಂಡಿದ್ದರೆ, ಎಕ್ಸ್‌ಪಿ ಸಿಡಿಯಿಂದ ಯಂತ್ರವನ್ನು ಚಾಲೂ ಮಾಡಿ, ಆರ್ ಒತ್ತಿ ರಿಕವರಿ ಕನ್ಸೋಲ್‌ಗೆ (ಆದೇಶಗಳನ್ನು ಬೆರಳಚ್ಚಿಸಿ ದುರಸ್ತಿ ಮಾಡುವ ಪರದೆಗೆ) ಹೋಗಿ, ಸಿಸ್ಟಮ್32ರಲ್ಲಿರುವ ಎಂಎಸ್‌ಜಿನಾ.ಡಿಎಲ್‌ಎಲ್‌ನ ಪ್ರತಿಯೊಂದನ್ನು ಕಾಣೆಯಾದ ಕಡತದ ಹೆಸರಿನಲ್ಲಿ ಮಾಡಿಡಿ. ವಿಂಡೋಸ್ ಹುಡುಕುವ ಹೆಸರು ಸಿಗುವುದರಿಂದ ಲಾಗಿನ್ ಚೌಕಟ್ಟು ಮರಳುತ್ತದೆ; ಒಳಗೆ ಹೋದ ಮೇಲೆ ರಿಜಿಸ್ಟ್ರಿಯ ನಮೂದನ್ನು ಅಳಿಸಿ, ಆನಂತರವೇ ಆ ಪ್ರತಿಯನ್ನು ತೆಗೆಯಿರಿ.

ಮರುಚಾಲನೆಯ ನಂತರ ಯೂಸರ್ ಅಕೌಂಟ್ಸ್‌ನಲ್ಲಿ ವೆಲ್‌ಕಮ್ ಸ್ಕ್ರೀನ್ ಆಯ್ಕೆಗೆ ಗುರುತು ಹಾಕಿ. ಫಾಸ್ಟ್ ಯೂಸರ್ ಸ್ವಿಚಿಂಗ್ ಮಾತ್ರ ಇನ್ನೂ ಸಿಗದಿದ್ದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಫೈಲ್ಸ್ (ನೆಟ್‌ವರ್ಕ್ ಕಡತಗಳ ಪ್ರತಿಯನ್ನು ಯಂತ್ರದಲ್ಲೇ ಇಡುವ ಸೌಲಭ್ಯ) ಚಾಲೂ ಇದೆಯೇ ನೋಡಿ. ಎಕ್ಸ್‌ಪಿಯಲ್ಲಿ ಇವೆರಡೂ ಒಟ್ಟಿಗೆ ಬಾಳುವುದಿಲ್ಲ. ಕಚೇರಿಯ ಡೊಮೇನ್‌ಗೆ (ಒಂದೆಡೆಯಿಂದ ನಿರ್ವಹಿಸುವ ನೆಟ್‌ವರ್ಕ್‌ಗೆ) ಸೇರಿಸಿದ ಯಂತ್ರದಲ್ಲಂತೂ ವೆಲ್‌ಕಮ್ ಸ್ಕ್ರೀನ್ ಬರುವುದೇ ಇಲ್ಲ, ಅಲ್ಲಿ ಹುಡುಕಾಟ ವ್ಯರ್ಥ. ವಿಸ್ಟಾದಿಂದ ಮುಂದಿನ ವಿಂಡೋಸ್‌ಗಳಲ್ಲಿ ಜಿನಾದ ಜಾಗಕ್ಕೆ ಕ್ರೆಡೆನ್ಷಿಯಲ್ ಪ್ರೊವೈಡರ್ ಎಂಬ ಬೇರೆ ಲಾಗಿನ್ ವ್ಯವಸ್ಥೆ ಬಂದಿರುವುದರಿಂದ, ಅವುಗಳಲ್ಲಿ ಈ ನಮೂದನ್ನು ಅಳಿಸಿದರೂ ಏನೂ ಬದಲಾಗದು.