ಶ್ರೀರಂಗಪಟ್ಟಣ: ಮಕ್ಕಳೊಂದಿಗೆ 1799ರ ಜಾಡು ಹಿಡಿದು ಒಂದು ದಿನ

ಶ್ರೀರಂಗಪಟ್ಟಣಕ್ಕೆ ಹೋದವರು ಸಾಮಾನ್ಯವಾಗಿ ರಂಗನಾಥನ ದರ್ಶನ ಮುಗಿಸಿ, ಟಿಪ್ಪುವಿನ ಸಮಾಧಿಯಿರುವ ಗುಂಬಜ್ ನೋಡಿ, ಸಂಗಮದಲ್ಲಿ ಕಾಲು ತೊಳೆದುಕೊಂಡು ಮೈಸೂರಿಗೆ ಹೊರಟುಬಿಡುತ್ತಾರೆ. ಹೀಗೆ ನೋಡಿದರೆ ಮಕ್ಕಳಿಗೆ 1799ರಲ್ಲಿ ಬ್ರಿಟಿಷರು ಕೋಟೆ ಗೆದ್ದು ಟಿಪ್ಪು ಸುಲ್ತಾನ್ ಮಡಿದ ಯುದ್ಧಕ್ಕೂ ಸಮಾಧಿಗೂ ಏನು ಸಂಬಂಧ ಎಂದೇ ಗೊತ್ತಾಗುವುದಿಲ್ಲ. ಘಟನೆಗಳು ನಡೆದ ಕ್ರಮದಲ್ಲೇ ಜಾಗಗಳನ್ನು ತೋರಿಸಿ. ಇದರಿಂದ ಮೂರ್ನಾಲ್ಕು ಕಿಲೋಮೀಟರ್ ಹೆಚ್ಚಿಗೆ ಓಡಾಡಬೇಕಾಗುತ್ತದೆ, ಅಷ್ಟೇ.

ಬೆಂಗಳೂರಿನಿಂದ ಕಾರಿನಲ್ಲಿ ಬರುವವರು ನೆನಪಿಡಿ: ಹೊಸ ಹೆದ್ದಾರಿ ಊರಿನ ಹೊರಗಿನಿಂದ ಹಾದುಹೋಗುತ್ತದೆ. ಹೊರದಾರಿಯ ಫಲಕ ತಪ್ಪಿದರೆ ನೇರ ಮೈಸೂರಿನ ಕಡೆ ಹೋಗಿಬಿಡುತ್ತೀರಿ. ರೈಲಿನಲ್ಲಿ ಬಂದರೆ ನಿಲ್ದಾಣದಿಂದ ಕೋಟೆಗೆ ನಡೆದೇ ಹೋಗಬಹುದು. ಆಟೊ ಅಥವಾ ಜಟಕಾ ಹಿಡಿಯುವುದಾದರೆ ಕಾಯುವ ಹೊತ್ತನ್ನೂ ಸೇರಿಸಿ ಇಡೀ ಸುತ್ತಿಗೆ ಒಂದೇ ಬಾಡಿಗೆ ಮಾತಾಡಿಕೊಳ್ಳಿ. ಬಿಡಿಬಿಡಿಯಾಗಿ ಹತ್ತಿ ಇಳಿದರೆ ದುಬಾರಿ.

ಬೆಳಿಗ್ಗೆ ಮೊದಲು ದರಿಯಾ ದೌಲತ್. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಅರಮನೆಯ ಬಣ್ಣ ಬಿಸಿಲಿಗೆ ಮಾಸದಿರಲೆಂದು ಸುತ್ತಲೂ ಪರದೆ ಇಳಿಬಿಟ್ಟಿದ್ದಾರೆ. ಹಾಗಾಗಿ ಒಳಗೆ ಕಾಲಿಟ್ಟ ಕೂಡಲೇ ಏನೂ ಕಾಣದು, ಒಂದೆರಡು ನಿಮಿಷ ಸುಮ್ಮನೆ ನಿಲ್ಲಿ. ಆಮೇಲೆ ಪಶ್ಚಿಮದ ಗೋಡೆಯಲ್ಲಿ ಹೈದರಾಲಿ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಕದನದ ಚಿತ್ರ ಹುಡುಕಿ. ಸ್ಫೋಟಗೊಳ್ಳುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿರುವ ಬ್ರಿಟಿಷ್ ದಳಪತಿ ಕರ್ನಲ್ ಬೇಯ್ಲಿ: ಇವೆರಡನ್ನು ಯಾರು ಮೊದಲು ಪತ್ತೆ ಮಾಡುತ್ತಾರೆ ನೋಡೋಣ ಎಂದರೆ ಮಕ್ಕಳು ಗೋಡೆ ಬಿಟ್ಟು ಕದಲುವುದಿಲ್ಲ. ಮುಟ್ಟಲು ಮಾತ್ರ ಬಿಡಬೇಡಿ. ಕೈಯ ಬೆವರು, ಜಿಡ್ಡು ತಾಗಿದರೆ ಬಣ್ಣ ಹಾಳಾಗುತ್ತದೆ.

ಅಲ್ಲಿಂದ ಕೋಟೆಯೊಳಗಿನ ಬೇಯ್ಲಿ ಸೆರೆಮನೆಗೆ ಬನ್ನಿ. ಪೊಲ್ಲಿಲೂರಿನಲ್ಲಿ ಸಿಕ್ಕಿಬಿದ್ದ ಬೇಯ್ಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಮೆಟ್ಟಿಲಿಳಿದರೆ ಕಮಾನಿನ ಸೂರಿನ ನೆಲಮಾಳಿಗೆ. ಗೋಡೆಯಿಂದ ಹೊರಚಾಚಿದ ಕಲ್ಲುಚಪ್ಪಡಿಗಳಲ್ಲಿ ತೂತುಗಳಿವೆ, ಕೈದಿಗಳ ಕೈಗೆ ಸರಪಳಿ ಬಿಗಿಯಲು. ಮಕ್ಕಳು ಆ ಚಪ್ಪಡಿಗೆ ಬೆನ್ನುಕೊಟ್ಟು ನಿಂತು ತೋಳು ಚಾಚಿ ನೋಡಲಿ. ಯಾವ ಫಲಕದ ವಿವರಣೆಗಿಂತಲೂ ಚೆನ್ನಾಗಿ ಅರ್ಥವಾಗುತ್ತದೆ. 1799ರ ಮುತ್ತಿಗೆಯಲ್ಲಿ ಸೂರು ಮುರಿದುಕೊಂಡು ಬಿದ್ದ ಫಿರಂಗಿಯೂ ಅಲ್ಲೇ ಇದೆ.

ಪೊಲ್ಲಿಲೂರು ಕದನದಲ್ಲೇ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿ ಡೇವಿಡ್ ಬೇರ್ಡ್ 1784ರವರೆಗೆ ಈ ಊರಿನಲ್ಲೇ ಬಂಧಿಯಾಗಿದ್ದ. 1799ರ ಮೇ 4ರ ಮಧ್ಯಾಹ್ನ ಕೋಟೆಗೆ ನುಗ್ಗಿದ ಬ್ರಿಟಿಷ್ ದಂಡಿನ ಮುಂದಾಳು ಆತನೇ. ಇದನ್ನು ಸೆರೆಮನೆಯಲ್ಲಿ ನಿಂತು ಹೇಳಿ, ನಂತರ ಪಶ್ಚಿಮದ ತುದಿಯ ಸ್ಮಾರಕಸ್ತಂಭಕ್ಕೆ ಕರೆದೊಯ್ಯಿರಿ. ಕೋಟೆಗೋಡೆ ಒಡೆದ ಜಾಗವಿದು. ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ ಈ ಸ್ತಂಭದಲ್ಲಿ ಹೋರಾಡಿದ ಪಡೆಗಳ ಹೆಸರಿವೆ. ದಾಳಿಗೆ ಬೇಸಿಗೆಯನ್ನೇ ಏಕೆ ಆರಿಸಿಕೊಂಡರು ಎಂದು ತಿಳಿಯಬೇಕಾದರೆ ನದಿ ನೋಡಿ: ಮಳೆಗಾಲಕ್ಕೆ ಮುಂಚೆ ಬಂಡೆಗಳು ಮೇಲೆದ್ದು ದಾಟುವಷ್ಟು ನೀರು ಇಳಿದಿರುತ್ತದೆ. ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಬಂದರೆ ಇದೇನೂ ಕಾಣುವುದಿಲ್ಲ. ಕೋಟೆಗೋಡೆಯ ಮೇಲೆ ತಡೆಬೇಲಿ ಇಲ್ಲದ ಕಡೆ ಚಿಕ್ಕ ಮಕ್ಕಳ ಕೈ ಬಿಡಬೇಡಿ. ಹುಲ್ಲಿನಲ್ಲಿ ಹಾವಿರಬಹುದು, ಶೂ ಇರಲಿ.

ಟಿಪ್ಪುವಿನ ದೇಹ ಸಿಕ್ಕ ಜಾಗ ಕೋಟೆಯ ಉತ್ತರ ಭಾಗದಲ್ಲಿದೆ. ಚಿಕ್ಕ ಕಲ್ಲುಫಲಕವಾದ್ದರಿಂದ ಎಷ್ಟೋ ಜನ ಗಮನಿಸದೆ ಮುಂದೆ ಹೋಗುತ್ತಾರೆ. ರೈಲು ನಿಲ್ದಾಣದ ಬಳಿಯ, ಟಿಪ್ಪು ಕಾಲದ ಸಿಡಿಮದ್ದಿನ ಮನೆಯನ್ನೂ ಬಿಡಬೇಡಿ. ಜೋಡಿ ಹಳಿ ಹಾಕಲು ಅಡ್ಡಬಂದ ಈ ಇಟ್ಟಿಗೆ ಕಟ್ಟಡವನ್ನು 2017ರಲ್ಲಿ ಒಡೆಯದೆ ಇಡಿಯಾಗಿ ಸುಮಾರು 100 ಮೀಟರ್ ಸರಿಸಿದರು.

ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕುತ್ತದೆ. ದರ್ಶನ ಬೇಕಿದ್ದರೆ ಹನ್ನೆರಡರೊಳಗೆ ಮುಗಿಸಿ ಊಟಕ್ಕೆ ಹೋಗಿ.

ಗುಂಬಜ್‌ಗೆ ಮೂರೂವರೆ ದಾಟಿದ ಮೇಲೆ ಹೋಗಿ. ಚಪ್ಪಲಿ ಹೊರಗೆ ಬಿಡಬೇಕು, ನಡು ಮಧ್ಯಾಹ್ನ ಕಲ್ಲುಹಾಸು ಕಾದ ಕಾವಲಿ. ಮಕ್ಕಳಿಗೆ ಸಾಕ್ಸ್ ತನ್ನಿ. ತಂದೆ ಹೈದರಾಲಿ ಮತ್ತು ತಾಯಿ ಬೇಗಂ ಫಾತಿಮಾರ ಪಕ್ಕದಲ್ಲಿ ಟಿಪ್ಪುವಿನ ಸಮಾಧಿಯಿದೆ. ಹೊರಗೆ 36 ಕರಿಕಲ್ಲಿನ ಕಂಬಗಳು. ಅಲ್ಲಿಂದ ಸಂಗಮ ಹತ್ತಿರವೇ, ಆದರೆ ಪಾಚಿಗಟ್ಟಿದ ಬಂಡೆ, ಸುಳಿ ಎರಡೂ ಇವೆ. ದಡದಿಂದಲೇ ನೋಡಿ. ಹರಿವು ಹೆಚ್ಚಿದ್ದಾಗ ತೆಪ್ಪ ಹತ್ತಬೇಡಿ.

ಕೊನೆಗೆ ಹಳೆಯ ಮೈಸೂರು ರಸ್ತೆಯ ಪಕ್ಕ, ಕಾವೇರಿ ದಂಡೆಯ ಗ್ಯಾರಿಸನ್ (ಕೋಟೆಯ ಕಾವಲು ಪಡೆಯ) ಸ್ಮಶಾನ. ಮುನ್ನೂರಕ್ಕೂ ಹೆಚ್ಚು ಸಮಾಧಿಗಳಿವೆ. ಬ್ರಿಟಿಷರ ಜೊತೆಗೆ ಸ್ವಿಟ್ಜರ್ಲೆಂಡಿನ ಡಿ ಮ್ಯೂರನ್ ಪಡೆಯವರೂ ಇಲ್ಲಿದ್ದಾರೆ. ಮೊದಲು ಡಚ್ಚರ ಸಂಬಳದಲ್ಲಿದ್ದ ಈ ಪಡೆ 1795ರಲ್ಲಿ ಬ್ರಿಟಿಷರ ಕಡೆ ಸೇರಿತು. ಸವೆದ ಅಕ್ಷರ ಓದಲು ಮೊಬೈಲ್ ಟಾರ್ಚನ್ನು ಕಲ್ಲಿನ ಒಂದು ಬದಿಯಿಂದ ಅಡ್ಡಲಾಗಿ ಹಿಡಿಯಿರಿ, ಗೆರೆಗಳಲ್ಲಿ ನೆರಳು ಬಿದ್ದು ಹೆಸರು ಎದ್ದು ಕಾಣುತ್ತದೆ. ಸೀಮೆಸುಣ್ಣ ಉಜ್ಜಬೇಡಿ, ಕಲ್ಲು ಇನ್ನಷ್ಟು ಸವೆಯುತ್ತದೆ.