ಕಾಣದ ಅಕ್ಷರ ಯಾರನ್ನೂ ಕರೆತರಲಿಲ್ಲ

ಆರೇಳು ವರ್ಷದ ಹಿಂದೆ ಟ್ಯೂಷನ್ ನಡೆಸುವವರೊಬ್ಬರು ನನ್ನ ಹತ್ತಿರ ಬಂದರು. "ಮೇಡಂ, ವಿಡಿಯೋ ಮಧ್ಯೆ ಕಣ್ಣಿಗೆ ಕಾಣದ ಹಾಗೆ ನಮ್ಮ ಹೆಸರು ಹಾಕೋಕಾಗತ್ತಾ? ನೋಡಿದವರಿಗೆ ಗೊತ್ತೇ ಆಗಬಾರದು. ಮನಸ್ಸೊಳಗೆ ಮಾತ್ರ ಇಳಿದುಬಿಡಬೇಕು" ಅಂದರು. ಅಮೆರಿಕದಲ್ಲಿ ಸಿನಿಮಾ ನಡೆಯುವಾಗ ಹೀಗೆ ಮಾಡಿ ಪಾಪ್‌ಕಾರ್ನ್ ಮಾರಿದ್ದರಂತೆ. ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದಿದ್ದರು.

ಮೈಸೂರಿನ ಅಗ್ರಹಾರದಲ್ಲಿ ಮಹಡಿ ಮೇಲಿನ ಒಂದು ಕೋಣೆಯಲ್ಲಿ ಕೂತು 19 ವರ್ಷದಿಂದ ಜಾಹೀರಾತು ಬರೆಯುತ್ತಿದ್ದೇನೆ. ಕರಪತ್ರ, ಫ್ಲೆಕ್ಸು, ಲೋಕಲ್ ಕೇಬಲ್‌ನಲ್ಲಿ ಬರುವ ಅರ್ಧ ನಿಮಿಷದ ವಿಡಿಯೋ, ಆಟೋಗೆ ಮೈಕು ಕಟ್ಟಿ ಕೂಗಿಸುವ ಪ್ರಚಾರ, ಈಗೀಗ ವಾಟ್ಸಾಪ್ ಸ್ಟೇಟಸ್ಸು. ದೊಡ್ಡ ಕಂಪನಿಗಳ ಕೆಲಸ ಮಾಡಿಲ್ಲ. ಬಟ್ಟೆ ಅಂಗಡಿ, ಬೇಕರಿ, ಅಕ್ಕಿ ಗಿರಣಿ, ಇವರೇ ನನಗೆ ಅನ್ನ ಹಾಕುವವರು.

ಆ ಟ್ಯೂಷನ್‌ನವರಿಗೆ ಆಗಲ್ಲ ಅನ್ನಲಿಲ್ಲ. ನನಗೂ ಕುತೂಹಲ ಇತ್ತು. ನಮ್ಮ ವಿಡಿಯೋದಲ್ಲಿ ಸೆಕೆಂಡಿಗೆ 25 ಫ್ರೇಮ್ ಓಡುತ್ತವೆ. ಅಂದರೆ ಒಂದು ಫ್ರೇಮ್ ತೆರೆ ಮೇಲೆ ಇರುವುದು ಸೆಕೆಂಡಿನ 25ನೇ ಒಂದು ಭಾಗ. ಅಲ್ಲಲ್ಲಿ ಒಂದೊಂದು ಫ್ರೇಮಿನಲ್ಲಿ ಅವರ ಹೆಸರು ಬರೆದು ಸೇರಿಸಿದೆ. ಅದೇ ವಿಡಿಯೋವನ್ನು ಹೆಸರಿಲ್ಲದೆ ಇನ್ನೊಂದು ಪ್ರತಿ ಮಾಡಿಕೊಂಡೆ. ಅಕ್ಕಪಕ್ಕದ ಮನೆಯವರು, ಕೆಳಗಿನ ಟೀ ಅಂಗಡಿಗೆ ಬರುವವರು, ನನ್ನ ಮಗಳ ಗೆಳತಿಯರು ಸೇರಿ 24 ಜನ ಸಿಕ್ಕರು. ಅರ್ಧ ಜನಕ್ಕೆ ಒಂದು, ಇನ್ನರ್ಧ ಜನಕ್ಕೆ ಇನ್ನೊಂದು ತೋರಿಸಿದೆ. ಆಮೇಲೆ ಮೂರು ಟ್ಯೂಷನ್ ಹೆಸರು ಕೊಟ್ಟು, ಯಾವುದನ್ನು ಮೊದಲು ವಿಚಾರಿಸುತ್ತೀರಿ ಅಂತ ಕೇಳಿದೆ. ಎರಡು ಗುಂಪಿಗೂ ವ್ಯತ್ಯಾಸವೇ ಕಾಣಲಿಲ್ಲ. ಮೂವರು ಮಾತ್ರ "ಮಧ್ಯೆ ಏನೋ ಮಿಂಚಿದ ಹಾಗಾಯ್ತಲ್ಲ, ವಿಡಿಯೋ ಕೆಟ್ಟಿದೆಯಾ?" ಅಂದರು. ಇದೇನೂ ದೊಡ್ಡ ಪ್ರಯೋಗ ಅಲ್ಲ. ಆದರೆ ಆ ಕೆಲಸಕ್ಕೆ ಅವರಿಂದ ದುಡ್ಡು ತೆಗೆದುಕೊಳ್ಳಬಾರದು ಅಂತ ತೀರ್ಮಾನಿಸಲು ನನಗೆ ಅಷ್ಟು ಸಾಕಾಯಿತು.

ಆಮೇಲೆ ಆ ಪಾಪ್‌ಕಾರ್ನ್ ಕತೆಯ ಬೆನ್ನು ಹತ್ತಿದೆ. ಅದನ್ನು ಹೇಳಿದವರು ಜೇಮ್ಸ್ ವಿಕರಿ ಅನ್ನುವ ಮಾರುಕಟ್ಟೆ ಸಂಶೋಧಕ. ವರ್ಷ 1957. ನ್ಯೂಜೆರ್ಸಿಯ ಫೋರ್ಟ್ ಲೀ ಊರಿನ ಚಿತ್ರಮಂದಿರದಲ್ಲಿ ಪಾಪ್‌ಕಾರ್ನ್ ತಿನ್ನಿ, ಕೋಕಾ ಕೋಲಾ ಕುಡಿಯಿರಿ ಅನ್ನುವ ಮಾತನ್ನು ಸೆಕೆಂಡಿನ 3,000ನೇ ಒಂದು ಭಾಗದಷ್ಟು ಹೊತ್ತು ಮತ್ತೆ ಮತ್ತೆ ಮಿಂಚಿಸಿದೆ, ಕೋಕ್ ಮಾರಾಟ 18 ಪರ್ಸೆಂಟ್, ಪಾಪ್‌ಕಾರ್ನ್ ಮಾರಾಟ 57 ಪರ್ಸೆಂಟ್‌ಗೂ ಜಾಸ್ತಿ ಏರಿತು ಅಂದರು. ಜನ ಹೆದರಿದರು. ನಮ್ಮ ತಲೆಯೊಳಗೇ ಕೈ ಹಾಕುತ್ತಿದ್ದಾರೆ ಅನ್ನಿಸಿದರೆ ಯಾರಿಗಾದರೂ ಹೆದರಿಕೆಯೇ ಅಲ್ವಾ? ಮರುವರ್ಷ ಕೆನಡಾದ ಸಿಬಿಸಿ ಟಿವಿ ತಾನೂ ನೋಡೋಣ ಅಂತ ಒಂದು ಕಾರ್ಯಕ್ರಮದ ಮಧ್ಯೆ "ಈಗಲೇ ಫೋನ್ ಮಾಡಿ" ಅನ್ನುವುದನ್ನು 352 ಸಲ ಮಿಂಚಿಸಿತು. ಫೋನ್ ಕರೆ ಜಾಸ್ತಿ ಆಗಲೇ ಇಲ್ಲ. ಆದರೆ ಏನೋ ಸಂದೇಶ ಇತ್ತು ಅಂತ ಗೊತ್ತಾದ ಮೇಲೆ, ನಮಗೆ ಹಸಿವಾಯಿತು, ಬಾಯಾರಿತು ಅಂತ ಕಾಗದ ಬರೆದವರು ಸಿಕ್ಕರು. 1962ರಲ್ಲಿ ವಿಕರಿ ತಾವೇ ಒಪ್ಪಿಕೊಂಡರು. ಹೇಳಿಕೊಳ್ಳುವಷ್ಟು ಲೆಕ್ಕ ಅವರ ಹತ್ತಿರ ಇರಲೇ ಇಲ್ಲ.

ಇಷ್ಟಾದರೂ ಕಾಣದ ಸಂದೇಶಕ್ಕೆ ಶಕ್ತಿಯೇ ಇಲ್ಲ ಅನ್ನಲಾರೆ. 2006ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಲಿಪ್ಟನ್ ಐಸ್ ಅನ್ನುವ ತಂಪು ಚಹಾದ ಹೆಸರನ್ನು ಹೀಗೆ ಮಿಂಚಿಸಿ ನೋಡಿದರು. ಆಗಲೇ ಬಾಯಾರಿದ್ದವರು ಅದನ್ನು ಜಾಸ್ತಿ ಆರಿಸಿಕೊಂಡರು. ಬಾಯಾರದವರ ಮೇಲೆ ಅದು ಕೆಲಸ ಮಾಡಲಿಲ್ಲ. ಅದೂ ಪ್ರಯೋಗಾಲಯದಲ್ಲಿ, ಆ ಕ್ಷಣಕ್ಕೆ. ಇಲ್ಲದ ಆಸೆಯನ್ನು ಅದು ಹುಟ್ಟಿಸಲಿಲ್ಲ.

ಹಾಗಾದರೆ ಮನಸ್ಸನ್ನು ತಿರುಗಿಸುವ ಜಾಹೀರಾತು ಇಲ್ಲವೇ? ಇದೆ. ನಾನೇ ಬರೆದಿದ್ದೇನೆ. ಅದು ದಪ್ಪ ಅಕ್ಷರದಲ್ಲಿ, ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರೇ ಇರುತ್ತದೆ.

ಒಂದು ಬೇಕರಿಗೆ ಬಾದಾಮಿ ಹಾಲಿನ ಬೋರ್ಡ್ ಬರೆದಿದ್ದೆ. ಚಿಕ್ಕದು 30 ರೂಪಾಯಿ, ದೊಡ್ಡದು 55. ಜನ ಚಿಕ್ಕದನ್ನೇ ಕುಡಿಯುತ್ತಿದ್ದರು. ಮಧ್ಯದ ಅಳತೆ ಒಂದನ್ನು ಸೇರಿಸಿ 50 ಅಂತ ಬರೆಸಿದೆ. ಐದೇ ರೂಪಾಯಿಗೆ ದೊಡ್ಡದೇ ಬರುತ್ತಲ್ಲ ಅಂತ ದೊಡ್ಡದು ಕೇಳುವವರು ಜಾಸ್ತಿಯಾದರು. 1982ರಲ್ಲೇ ಹ್ಯೂಬರ್, ಪೇನ್, ಪ್ಯುಟೊ ಅನ್ನುವ ಮೂವರು ಸಂಶೋಧಕರು ಇದನ್ನು ಪ್ರಯೋಗದಲ್ಲಿ ತೋರಿಸಿದ್ದರು ಅಂತ ಆಮೇಲೆ ಓದಿದೆ. ಅಕ್ಕಿ ಗಿರಣಿಯ ಹೆಸರನ್ನು ಆಟೋಗಳ ಬೆನ್ನ ಮೇಲೆ ಸುಮ್ನೆ ಬರೆಸಿದೆವು. ಬೆಲೆ ಇಲ್ಲ, ಹೊಗಳಿಕೆ ಇಲ್ಲ, ಬರೀ ಹೆಸರು. ದಿನಾ ಕಣ್ಣಿಗೆ ಬಿದ್ದದ್ದು ನಮ್ಮದೇ ಅನ್ನಿಸತೊಡಗುತ್ತದೆ. ಝಾಯಾಂಕ್ ಅನ್ನುವ ಮನಶ್ಶಾಸ್ತ್ರಜ್ಞರು 1968ರಲ್ಲಿ ಅರ್ಥವಿಲ್ಲದ ಪದಗಳನ್ನು ಜನರಿಗೆ ಮತ್ತೆ ಮತ್ತೆ ತೋರಿಸಿ ಇದನ್ನೇ ಕಂಡುಕೊಂಡಿದ್ದರು. ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರೊಫೆಸರ್ ಆಗಿದ್ದುಕೊಂಡು 1935ರಲ್ಲಿ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಊರು ಇದು. ಮನಸ್ಸನ್ನು ಓದಿದವರೇ ಊರಿಗೆಲ್ಲ ಕೇಳುವ ದನಿ ಕಟ್ಟಿದರಲ್ಲ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಈಗ ಸೀರೆ ಅಂಗಡಿಯ ವಿಷಯ ಹೇಳಬೇಕು. ಅಂಗಡಿಯ ಹೆಸರು ಬೇಡ. ಬರೆದವಳು ನಾನು.

ಫ್ಲೆಕ್ಸಿನಲ್ಲಿ 2,400 ಅಂತ ಬರೆದು ಅದಕ್ಕೆ ಕೆಂಪು ಗೆರೆ ಹೊಡೆದು, ಪಕ್ಕದಲ್ಲಿ 1,199 ಅಂತ ಬರೆದೆ. ಆ ಸೀರೆಗಳು ಯಾವತ್ತೂ 2,400ಕ್ಕೆ ಮಾರಿದ್ದವಲ್ಲ. ಮೊದಲು ಕಂಡ ಅಂಕಿ ಮನಸ್ಸನ್ನು ಗೂಟಕ್ಕೆ ಕಟ್ಟಿದ ಹಾಗೆ ಕಟ್ಟುತ್ತದೆ. ಟ್ವರ್ಸ್ಕಿ ಮತ್ತು ಕಾನೆಮನ್ ಅನ್ನುವ ಮನಶ್ಶಾಸ್ತ್ರಜ್ಞರು 1974ರಲ್ಲಿ ಬರೆದ ಪ್ರಯೋಗ ಇದಕ್ಕೆ ಹೆಸರುವಾಸಿ. ಜನರೆದುರು ಅಂಕಿಗಳ ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ನೂರಕ್ಕೆ ಎಷ್ಟು ಅಂತ ಕೇಳಿದರು. ಚಕ್ರ 10ಕ್ಕೆ ನಿಂತಾಗ ಜನರ ಅಂದಾಜು 25ರ ಸುತ್ತ ಬಂತು. 65ಕ್ಕೆ ನಿಂತಾಗ 45ರ ಸುತ್ತ. ಚಕ್ರಕ್ಕೂ ಆಫ್ರಿಕಾಕ್ಕೂ ಏನು ಸಂಬಂಧ? ನನ್ನ 2,400ಕ್ಕೂ ಆ ಸೀರೆಗೂ ಅಷ್ಟೇ ಸಂಬಂಧ ಇತ್ತು.

ಅದರ ಕೆಳಗೆ "ಇಂದೇ ಕೊನೆಯ ದಿನ" ಅಂತ ಬರೆದೆ. ಆ ಫ್ಲೆಕ್ಸು ಎರಡು ತಿಂಗಳಿಗೂ ಹೆಚ್ಚು ಕಾಲ ಅಲ್ಲೇ ಇತ್ತು.

ಒಂದು ಮಧ್ಯಾಹ್ನ ಬಾಕಿ ದುಡ್ಡು ಇಸ್ಕೊಳ್ಳಲು ಅಂಗಡಿಗೆ ಹೋಗಿದ್ದೆ. ಹುಣಸೂರು ಕಡೆಯ ವಯಸ್ಸಾದ ಹೆಂಗಸೊಬ್ಬರು ಬಾಗಿಲಲ್ಲಿ ನಿಂತು ಫ್ಲೆಕ್ಸನ್ನೇ ನೋಡುತ್ತಿದ್ದರು. ಜೊತೆಗೆ ಹತ್ತು ವರ್ಷದ ಮೊಮ್ಮಗ. ನನ್ನನ್ನು ಅಂಗಡಿಯವಳು ಅಂದುಕೊಂಡರೋ ಏನೋ, "ಯಾಕವ್ವ, ಹೋದ್ ವಾರ ಬಂದಾಗ ಇವತ್ತೇ ಕೊನೆ ಅಂತಿತ್ತಲ್ಲ, ಇನ್ನೂ ಅಂಗೇ ಅದಲ್ಲ?" ಅಂದರು. ನಾನು ಸುಮ್ಮನಿದ್ದೆ. "ನಂಗೆ ಓದಾಕೆ ಬರಾಕಿಲ್ಲ. ಈ ಮಗ ಓದಿ ಹೇಳ್ತು. ಮದ್ವೆಗೆ ಇನ್ನೂ ಟೈಮಿತ್ತು. ನಾಳೆಗೆ ಸಿಕ್ಕಾಕಿಲ್ಲ ಅಂತ ಸಂಘದ ದುಡ್ಡು ಎತ್ಕಂಡು ಅವತ್ತೇ ತಗಂಡೆ" ಅಂದರು. ಸಿಟ್ಟು ಮಾಡಲಿಲ್ಲ. ಮೊಮ್ಮಗ ಮತ್ತೆ ಬೆರಳಿಟ್ಟು ಅಕ್ಷರ ಅಕ್ಷರ ಓದಿದ. ಹೋದ ವಾರ ತಾನು ಸರಿಯಾಗಿಯೇ ಓದಿದ್ದೆನಾ ಅಂತ ಅವನಿಗೆ ಅನುಮಾನ ಬಂದಿತ್ತು.

ಅವನು ತಪ್ಪು ಓದಿರಲಿಲ್ಲ. ನಾನು ತಪ್ಪು ಬರೆದಿದ್ದೆ. ಅದನ್ನು ಅಲ್ಲೇ ಹೇಳುವ ಧೈರ್ಯ ನನಗೆ ಬರಲಿಲ್ಲ. ಆ ಅಂಗಡಿಯ ಕೆಲಸ ಬಿಟ್ಟೆ. ಅವತ್ತಿನಿಂದ ಏನೇ ಬರೆದರೂ ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ. ಇದನ್ನು ಯಾಕೆ ಹೀಗೆ ಬರೆದೆ ಅಂತ ಆ ಹುಣಸೂರಿನ ಅವ್ವನ ಎದುರು ನಿಂತು ಹೇಳಬಲ್ಲೆನಾ? ಬಾದಾಮಿ ಹಾಲಿನ ಬೋರ್ಡನ್ನು ಹೇಳಬಲ್ಲೆ, ಮಧ್ಯದ ಅಳತೆ ಕೇಳಿದವರಿಗೆ ಅದು ನಿಜವಾಗಿಯೂ ಸಿಗುವುದಾದರೆ. ಆಟೋ ಬೆನ್ನನ್ನು ಹೇಳಬಲ್ಲೆ. ಗೆರೆ ಹೊಡೆದ ಸುಳ್ಳು ಬೆಲೆಯನ್ನು ಹೇಳಲಾರೆ.

ಈಗ ಕಾನೂನೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳು ಮಾಡುವ 13 ಬಗೆಯ ಮೋಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲಿ ಒಂದು. ಓದಿದಾಗ ನನಗೆ ಆ ಹುಡುಗನ ಬೆರಳು ನೆನಪಾಯಿತು. ದೂರು ಕೊಡಲು 1915ಕ್ಕೆ ಫೋನ್ ಮಾಡಬಹುದು. ಈ ನಂಬರನ್ನು ನನ್ನ ಕೋಣೆಯ ಗೋಡೆ ಮೇಲೆ ಬರೆದಿಟ್ಟಿದ್ದೇನೆ, ಗಿರಾಕಿಗಳಿಗೆ ಕಾಣುವ ಹಾಗೆ.

ಆಮೇಲೆ ಬಂದ ಕೆಲಸಗಳಲ್ಲಿ ನನಗೆ ತುಂಬಾ ಪ್ರೀತಿಯದು ಬೆಲ್ಲದ್ದು. ಮಂಡ್ಯ ಕಡೆಯ ಗಂಡ ಹೆಂಡತಿ. ಸ್ವಂತ ಆಲೆಮನೆ. ಮೈಸೂರಿನಲ್ಲಿ ಭಾನುವಾರದ ಸಂತೆಗೆ ಬೆಲ್ಲ ತರುತ್ತಿದ್ದರು, ಅರ್ಧಕ್ಕರ್ಧ ವಾಪಸ್ ಹೊತ್ತುಕೊಂಡು ಹೋಗುತ್ತಿದ್ದರು. "ನಮ್ ಬೆಲ್ಲ ಕಪ್ಪಗದೆ ಅಂತ ಯಾರೂ ಮುಟ್ಟಾಕಿಲ್ಲ ಕಣಕ್ಕ. ಔಷ್ದಿ ಹಾಕಿ ಬೆಳ್ಳಗ್ ಮಾಡ್ದೋರ್ದು ಗಂಟೇಲಿ ಖಾಲಿ ಆಯ್ತದೆ. ಏನಾರ ಬರ್ಕೊಡಿ" ಅಂದರು ಆಕೆ.

ಔಷಧಿ ಅಂದರೆ ಹೈಡ್ರೋಸ್ ಅನ್ನುವ ರಾಸಾಯನಿಕ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಅದನ್ನು ಹಾಕಿದರೆ ಬಣ್ಣ ತಿಳಿಯಾಗುತ್ತದೆ. ಇವರು ಅದನ್ನು ಹಾಕುವುದಿಲ್ಲ. ಬೆಂಡೆ ಗಿಡ ಜಜ್ಜಿ ತೆಗೆದ ಲೋಳೆ, ಸ್ವಲ್ಪ ಸುಣ್ಣ, ಅಷ್ಟೇ. ಕಸ ಮೇಲೆ ಬಂದ ಹಾಗೆ ತೆಗೆಯುತ್ತಾರೆ. ನಾನು ಹೋಗಿ ಒಂದು ರಾತ್ರಿ ಆಲೆಮನೆಯಲ್ಲಿ ಕೂತು ನೋಡಿದೆ. ನೋಡದೆ ಬರೆಯಬಾರದು ಅಂತ ಅಷ್ಟೊತ್ತಿಗೆ ಕಲಿತಿದ್ದೆ.

ಸುಲಭದ ದಾರಿ ಕಣ್ಣೆದುರೇ ಇತ್ತು. "ಹಳದಿ ಬೆಲ್ಲ ವಿಷ" ಅಂತ ಬರೆದಿದ್ದರೆ ಒಂದೇ ವಾರದಲ್ಲಿ ಮಾಲು ಖಾಲಿಯಾಗುತ್ತಿತ್ತು. ಹೆದರಿಕೆಗಿಂತ ಬೇಗ ಮಾರುವ ಮಾತಿಲ್ಲ. ಆದರೆ ಬೆಲ್ಲದ ಬಣ್ಣ ಕಬ್ಬಿನ ತಳಿಯಿಂದಲೂ ಮಣ್ಣಿನಿಂದಲೂ ಬದಲಾಗುತ್ತದೆ. ಏನೂ ಹಾಕದೆ ತಿಳಿ ಬಣ್ಣ ಬರುವ ಬೆಲ್ಲವೂ ಇದೆ. ಆ ರೈತರ ಹೊಟ್ಟೆ ಮೇಲೆ ಹೊಡೆದು ಇವರ ಬೆಲ್ಲ ಮಾರಲು ನನಗೆ ಮನಸ್ಸು ಬರಲಿಲ್ಲ.

ಯೋಚಿಸಿದರೆ ಆ ಹಳದಿ ಬಣ್ಣವೇ ಒಂದು ಜಾಹೀರಾತು. ಯಾರೂ ಬರೆದದ್ದಲ್ಲ, ಆದರೂ ಎಲ್ಲರೂ ನಂಬಿದ್ದು. ಕಣ್ಣು ಹೇಳಿದ್ದನ್ನು ನಾಲಿಗೆ ಒಪ್ಪಿಕೊಳ್ಳುತ್ತದೆ. 2001ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ತಯಾರಿಕೆ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಕೆಂಪು ವೈನಿಗೆ ಹೇಳುವ ಪರಿಮಳಗಳನ್ನೇ ಹೇಳಿದರು. ಅದೇ ಓದುತ್ತಿದ್ದವರ ಗತಿ ಹೀಗಾದರೆ, ಸಂತೆಯಲ್ಲಿ ಅವಸರದಲ್ಲಿ ಬೆಲ್ಲ ಕೊಳ್ಳುವವರನ್ನು ದೂರಿ ಏನು ಪ್ರಯೋಜನ?

ಹಾಗಾಗಿ ಕಣ್ಣನ್ನೇ ಪಕ್ಕಕ್ಕಿಡೋಣ ಅಂದೆ. ತಟ್ಟೆಯಲ್ಲಿ ಎರಡು ಬಗೆಯ ಬೆಲ್ಲದ ಚೂರು. ಬಂದವರು ಕಣ್ಣು ಮುಚ್ಚಿ ಕೈ ಚಾಚಬೇಕು. ಆಕೆ ಒಂದೊಂದೇ ಚೂರು ಕೊಡುತ್ತಾರೆ. ಯಾವುದು ರುಚಿ ಅಂತ ಹೇಳಿದ ಮೇಲೆ ಕಣ್ಣು ಬಿಟ್ಟು ನೋಡುವುದು. ಕಪ್ಪು ಬೆಲ್ಲವನ್ನು ಆರಿಸಿ ಆಮೇಲೆ ಕಣ್ಣರಳಿಸಿದವರು ಬಹಳ ಜನ. ಎಲ್ಲರೂ ಅಲ್ಲ. ಹಳದಿಯೇ ಚೆನ್ನಾಗಿದೆ ಅಂದವರಿಗೆ ಆಕೆ "ಅದೇ ತಗಳಿ, ತಪ್ಪೇನಿಲ್ಲ" ಅನ್ನುತ್ತಿದ್ದರು.

ಒಂದು ವಿಷಯ ನನ್ನನ್ನು ಕಾಡಿತು. ಬಿಟ್ಟಿ ತಿಂದ ಮೇಲೆ ಏನಾದರೂ ಕೊಳ್ಳಬೇಕು ಅನ್ನುವ ಮುಲಾಜು ಜನಕ್ಕೆ ಇರುತ್ತದೆ. ಅದನ್ನು ಹಿಡಿದು ಎಳೆಯಬಾರದು ಅಂತ ಬೋರ್ಡಿನಲ್ಲಿ "ತಿಂದು ನೋಡಿ, ಬೇಡ ಅನ್ನಿಸಿದರೆ ಹಾಗೇ ಹೋಗಿ" ಅಂತ ಬರೆದೆ. ಮಾರಾಟ ಇನ್ನೂ ಏರಿತು. ಆಮೇಲೆ ಓದಿದರೆ, 2000ದಲ್ಲಿ ಫ್ರಾನ್ಸಿನಲ್ಲಿ ದಾರಿಹೋಕರ ಹತ್ತಿರ ಬಸ್ ಚಾರ್ಜ್ ಕೇಳುವಾಗ "ಕೊಡುವುದು ಬಿಡುವುದು ನಿಮ್ಮಿಷ್ಟ" ಅಂತ ಸೇರಿಸಿ ನೋಡಿದ್ದರಂತೆ. ಕೊಟ್ಟವರು ಬಹಳ ಜಾಸ್ತಿಯಾದರಂತೆ. ಅಂದರೆ ಮರ್ಯಾದೆಗೆ ಅಂತ ನಾನು ಬರೆದ ಮಾತೂ ಒಂದು ಕೊಕ್ಕೆಯೇ. ಎರಡು ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ. ಕೊನೆಗೆ ಅದೇ ಪ್ರಶ್ನೆ ಕೇಳಿಕೊಂಡೆ. ಆ ಅವ್ವನಿಗೆ ಹೇಳಬಲ್ಲೆನಾ? ಹೇಳಬಲ್ಲೆ. ಹಾಗೇ ಹೋಗಿ ಅಂದದ್ದು ನಿಜವಾದ ಮಾತು. ಹಾಗೇ ಹೋದವರನ್ನು ಇವರು ಯಾವತ್ತೂ ಹಿಂದಿನಿಂದ ಕೂಗಲಿಲ್ಲ. ಬೋರ್ಡ್ ಉಳಿಸಿಕೊಂಡೆ.

ಸಂಕ್ರಾಂತಿಯ ಹಿಂದಿನ ಭಾನುವಾರ. ಎಳ್ಳು ಬೆಲ್ಲಕ್ಕೆ ಅಂತ ಜನ ಮುಗಿಬಿದ್ದಿದ್ದರು. ಈ ಸಲ ಕಬ್ಬು ಕಡಿಮೆ, ತಂದದ್ದೇ ಅಚ್ಚು ಬೆಲ್ಲದ 60 ಪೊಟ್ಟಣ. "ಸ್ವಲ್ಪವೇ ಉಳಿದದೆ, ಬೇಗ ಬನ್ನಿ ಅಂತ ಬರೀಲಾ ಅಕ್ಕ?" ಅಂತ ಆತ ಕೇಳಿದರು. ನನ್ನ ಕೈಯೇ ಬರಲಿಲ್ಲ. ಸ್ಲೇಟೊಂದನ್ನು ತರಿಸಿ "ಉಳಿದಿರುವುದು 60" ಅಂತ ಸೀಮೆಸುಣ್ಣದಲ್ಲಿ ಬರೆದು ಆಕೆಯ ಕೈಗೆ ಕೊಟ್ಟೆ. ಒಂದು ಪೊಟ್ಟಣ ಹೋದ ಹಾಗೆ ಆಕೆ ಸೆರಗಿನ ತುದಿಯಲ್ಲಿ ಒರೆಸಿ 59 ಬರೆದರು, 58 ಬರೆದರು. ಅಂಕಿ ಇಳಿಯುವುದು ಕಂಡು ಜನ ಅವಸರ ಮಾಡಿದರು, ಅದೂ ನಿಜ. ಮೂರು ಗಂಟೆಗೆ ಸ್ಲೇಟಿನಲ್ಲಿ ಸೊನ್ನೆ ಬಂತು. ಆಮೇಲೆ ಬಂದವರಿಗೆ ಆಕೆ ಖಾಲಿ ಬುಟ್ಟಿಯನ್ನು ವಾಲಿಸಿ ತೋರಿಸಿ, "ಮುಂದಿನ ವಾರ ಬತ್ತೀವಿ, ಇದೇ ರೇಟು" ಅಂದರು.